ಟ್ರೈನಿಂಗ್ 10ರಿಂದ 5, ನಕ್ಷತ್ರ 7ರ ಮೇಲೆ

ಮೊದ್ಲೇ ಒಂದು ವಿಷ್ಯ ಹೇಳ್ಬಿಡ್ತೀನಿ, ನಮ್ಮ ಹೈಸ್ಕೂಲುಗಳಲ್ಲಿ ಖಗೋಳ ವಿಜ್ಞಾನದ ಟೀಚರ್ ಅಂತ ಒಂದು ಪೋಸ್ಟೇ ಇಲ್ಲ. ಇರೋದು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಓದಿದವ್ರು), ಇಲ್ಲಾ ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ ಓದಿದವ್ರು). ಪಿಸಿಎಂನವ್ರು ಸಾಮಾನ್ಯವಾಗಿ ಗಣಿತ ಹಿಡ್ಕೊಂಡು ಕೂತಿರ್ತಾರೆ, ಎಸ್‌ಎಸ್‌ಎಲ್‌ಸಿ ಗಣಿತದ ರಿಸಲ್ಟ್ ಅವ್ರ ತಲೆ ಮೇಲೆ, ಹಾಗಾಗಿ ತುಂಬಾ ಸ್ಕೂಲುಗಳಲ್ಲಿ ವಿಜ್ಞಾನ ಪೂರ್ತಿ ಸಿಬಿಜೆಡ್‌ನವ್ರ ಪಾಲು. ಅಂದ್ರೆ ಡಿಗ್ರಿಯಲ್ಲಿ ಕಪ್ಪೆ, ಜಿರಳೆ, ದಾಸವಾಳ, ಟೈಟ್ರೇಶನ್ ಅಂತ ಓದ್ಕೊಂಡು ಬಂದ ನನ್ನಂಥವ್ರು ಕ್ಲಾಸಲ್ಲಿ ನಿಂತು ಗುರುತ್ವ, ಕೆಪ್ಲರ್, ಗ್ರಹಣ ಎಲ್ಲಾ ಹೇಳ್ಬೇಕು. ಹೇಳ್ತೀವಿ, ಹೇಳಲ್ಲ ಅಂತಲ್ಲ, ಪುಸ್ತಕದಲ್ಲಿ ಇರೋದನ್ನ ಹೇಳೋದಕ್ಕೆ ಏನಂತೆ, ಕಷ್ಟ ಶುರುವಾಗೋದು ಮಗು ಪುಸ್ತಕ ಮುಚ್ಚಿಟ್ಟು ಕಿಟಕಿಯಿಂದ ಆಚೆ ನೋಡಿ ಒಂದು ಪ್ರಶ್ನೆ ಕೇಳಿದಾಗ.

ಪುಸ್ತಕದ ಕಥೆನೂ ಅಷ್ಟೇ. 8ನೇ ಕ್ಲಾಸಲ್ಲಿ ನಕ್ಷತ್ರಗಳು ಮತ್ತು ಸೌರವ್ಯೂಹ ಅಂತ ಒಂದು ಪಾಠ ಇತ್ತು, ಕೋವಿಡ್ ಆದ್ಮೇಲೆ ಎನ್‌ಸಿಇಆರ್‌ಟಿಯವ್ರು ಪಾಠದ ಹೊರೆ ಇಳಿಸ್ದಾಗ ಅದನ್ನೇ ತೆಗೆದ್ರು, ಈಗ 2025ರಲ್ಲಿ ಬಂದ ಅವರ ಹೊಸ 8ನೇ ಕ್ಲಾಸಿನ ಪುಸ್ತಕದಲ್ಲಿ ಚಂದ್ರನ ಕಲೆ (ಚಂದ್ರ ದಿನಾ ಹಿಗ್ಗಿ ಕುಗ್ಗೋದು), ಕ್ಯಾಲೆಂಡರು ಅಂತ ಬೇರೆ ರೂಪದಲ್ಲಿ ವಾಪಸ್ ಬಂದಿದೆ. ಗುರುತ್ವ 9ರಲ್ಲಿ. ನಕ್ಷತ್ರ ಯಾಕೆ ಮಿನುಗುತ್ತೆ, ಸೂರ್ಯ ಹುಟ್ಟೋಕೆ 2 ನಿಮಿಷ ಮುಂಚೆನೇ ಯಾಕೆ ಕಾಣ್ತಾನೆ ಅನ್ನೋದು 10ರಲ್ಲಿ, ಅದೂ ಕಣ್ಣಿನ ಪಾಠದ ಬಾಲದಲ್ಲಿ. ಅಕ್ಷಾಂಶ ರೇಖಾಂಶ, ಸ್ಥಾನಿಕ ವೇಳೆ ಎಲ್ಲಾ ಸಮಾಜ ವಿಜ್ಞಾನದ ಮೇಷ್ಟ್ರ ಹತ್ರ. ಒಂದೇ ಆಕಾಶನ ಇಷ್ಟು ಜನಕ್ಕೆ ಹಂಚಿಟ್ಟು, ಯಾರಿಗೂ ಪೂರ್ತಿ ಕೊಟ್ಟಿಲ್ಲ. ಸ್ಟಾಫ್ ರೂಮಲ್ಲಿ ನಾವು ನಾಲ್ಕು ಜನ ಪಕ್ಕ ಪಕ್ಕ ಕೂತು ಟೀ ಕುಡೀತೀವಿ, ಆದ್ರೆ ನಾನು ಹೇಳೋ ಗ್ರಹಣಕ್ಕೂ ಅವ್ರು ಹೇಳೋ ರೇಖಾಂಶಕ್ಕೂ ಸಂಬಂಧ ಇದೆ ಅಂತ ಒಂದಿನಾನೂ ಮಾತಾಡಿರಲ್ಲ.

ಇನ್ನು ಟ್ರೈನಿಂಗ್. ವಿಜ್ಞಾನ ಟೀಚರ್ಸ್‌ಗೆ ಟ್ರೈನಿಂಗ್ ಕಮ್ಮಿ ಅಂತ ಯಾರಾದ್ರೂ ಅಂದ್ರೆ ನಗು ಬರುತ್ತೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಪ್ರತಿಯೊಬ್ಬ ಟೀಚರ್ ವರ್ಷಕ್ಕೆ ಕನಿಷ್ಠ 50 ಗಂಟೆ ಏನಾದ್ರೂ ಕಲೀಬೇಕು ಅಂತ ಬರೆದಿದ್ದಾರೆ, ಒಳ್ಳೇದೇ. ಆದ್ರೆ ಗಂಟೆ ಲೆಕ್ಕ ಹಾಕೋಕೆ ಶುರು ಮಾಡಿದ್ರೆ ಏನಾಗುತ್ತೆ ಅಂತ ನಮಗೆಲ್ಲಾ ಗೊತ್ತು, ಒಂದ್ ಕಡೆ ಆನ್‌ಲೈನ್ ಕೋರ್ಸಿನ ವಿಡಿಯೋ ತಾನಾಗೇ ಓಡ್ತಾ ಇರುತ್ತೆ, ಇನ್ನೊಂದ್ ಕಡೆ ಒಲೆ ಮೇಲೆ ಸಾರು ಕುದೀತಾ ಇರುತ್ತೆ, ಕೊನೆಗೆ ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿ ಗ್ರೂಪಿಗೆ ಹಾಕಿದ್ರೆ ಮುಗೀತು. ಖಗೋಳದ್ದು ಅಂತ ಹೆಸರಿಟ್ಟು ಮಾಡಿದ ಒಂದು ಟ್ರೈನಿಂಗಿಗೂ ಹೋಗಿದ್ದೆ. ಆರ್‌ಪಿ, ಅಂದ್ರೆ ಟ್ರೈನಿಂಗ್ ಕೊಡೋ ರಿಸೋರ್ಸ್ ಪರ್ಸನ್, ತುಂಬಾ ಓದ್ಕೊಂಡಿದ್ರು, ಅದ್ರಲ್ಲಿ ಎರಡು ಮಾತಿಲ್ಲ. ಬೆಳಿಗ್ಗೆಯಿಂದ ಪಿಪಿಟಿ. ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪಿನ ಫೋಟೋಗಳು, ಕಪ್ಪು ರಂಧ್ರ, 2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಇಳಿದ ವಿಡಿಯೋ, ಎಲ್ರೂ ಚಪ್ಪಾಳೆ. ಊಟಕ್ಕೆ ಪಲಾವ್, ಮಧ್ಯಾಹ್ನ ಗ್ಯಾಲಕ್ಸಿ, ಸಂಜೆ ಟಿಎ ಫಾರಂಗೆ ಸೈನು. ನನಗೆ ಚಂದ್ರಯಾನ ಅಂದ್ರೆ ಹೆಮ್ಮೆನೇ. ಆದ್ರೆ ಸೋಮವಾರ ಸ್ಕೂಲಿಗೆ ಹೋದ್ರೆ ಪ್ರಾರ್ಥನೆ ಹೊತ್ತಲ್ಲಿ ಒಬ್ಬ ಹುಡುಗ ಕೈ ಮೇಲೆತ್ತಿ "ಮಿಸ್, ಸೂರ್ಯ ಬಂದ್ಮೇಲೂ ಚಂದ್ರ ಯಾಕೆ ಅಲ್ಲೇ ಇದಾನೆ?" ಅಂತಾನೆ ನೋಡಿ, ಅದಕ್ಕೆ ಆ ಪಿಪಿಟಿಯಲ್ಲಿ ಉತ್ತರ ಇರ್ಲಿಲ್ಲ.

ಇದ್ರಲ್ಲಿ ಒಂದು ತಮಾಷೆನೂ ಇದೆ. ಟ್ರೈನಿಂಗ್ ನಡೆಯೋದು ಬೆಳಿಗ್ಗೆ 10ರಿಂದ ಸಂಜೆ 5, ನಕ್ಷತ್ರ ಕಾಣೋದು 7ರ ಮೇಲೆ. ಕೆಮಿಸ್ಟ್ರಿ ಟ್ರೈನಿಂಗಲ್ಲಿ ಆಸಿಡ್ ಮುಟ್ಟಿಸ್ತಾರೆ, ಬಯಾಲಜಿಯಲ್ಲಿ ಈರುಳ್ಳಿ ಸಿಪ್ಪೆ ಮೈಕ್ರೋಸ್ಕೋಪಲ್ಲಿ ತೋರಿಸ್ತಾರೆ, ಖಗೋಳದಲ್ಲಿ ಮಾತ್ರ ಯಾವುದರ ಬಗ್ಗೆ ಪಾಠನೋ ಅದನ್ನೇ ಯಾರೂ ನೋಡಲ್ಲ. ರಾತ್ರಿ ನಿಲ್ಲಿ ಅಂದ್ರೆ ನಮ್ಮಂಥ ಹೆಂಗಸ್ರು ನಿಲ್ಲೋದು ಹೇಗೆ, ಕೊನೆ ಬಸ್ಸು ಏಳೂವರೆಗೆ ಹೋಗ್ಬಿಡುತ್ತೆ, ಮನೇಲಿ ಮಕ್ಕಳು, ಅತ್ತೆ ಮಾವ. ಹುಡುಗೀರ್ನ ರಾತ್ರಿ ಸ್ಕೂಲಿಗೆ ಕರೆಸೋದು ಇನ್ನೂ ದೂರದ ಮಾತು, ನಾನಾದ್ರೂ ನನ್ನ ಮಗಳನ್ನ ಕಳಿಸ್ತೀನಾ ಅಂತ ಯೋಚ್ನೆ ಮಾಡ್ತೀನಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಅಂಥ ವಸತಿ ಶಾಲೆಯವ್ರಿಗೆ ಈ ಒಂದು ಅನುಕೂಲ ಇದೆ, ಮಕ್ಕಳು ಅಲ್ಲೇ ಇರ್ತಾರೆ, ಊಟ ಆದ್ಮೇಲೆ ಫೀಲ್ಡಿಗೆ ಕರ್ಕೊಂಡು ಬಂದ್ರೆ ಆಯ್ತು. ಇದ್ರ ಮೇಲೆ ಮೋಡ. ಜೂನಿಂದ ಅಕ್ಟೋಬರ್‌ವರೆಗೆ ನಮ್ಮ ಆಕಾಶ ನಂಬೋ ಹಾಗಿಲ್ಲ, ನಿಚ್ಚಳವಾಗಿರೋದು ನವೆಂಬರಿಂದ ಫೆಬ್ರವರಿ, ಆ ಹೊತ್ತಿಗೆ ಸ್ಕೂಲಲ್ಲಿ ಸ್ಪೆಷಲ್ ಕ್ಲಾಸು, ಪ್ರಿಪರೇಟರಿ, ಪಾಸಿಂಗ್ ಪ್ಯಾಕೇಜು. ಆಕಾಶ ಖಾಲಿ ಇದ್ದಾಗ ನಾವು ಬಿಜಿ.

ಹಾಗಾದ್ರೆ ಏನ್ಮಾಡೋದು ಅಂದ್ರೆ ಹಗಲಲ್ಲೇ ಮಾಡೋದು. ಇದು ನನ್ನ ತಲೆಗೆ ಹೊಳೆದಿದ್ದಲ್ಲ, ಒಂದು ಟ್ರೈನಿಂಗಲ್ಲಿ ಒಬ್ರು ರಿಟೈರ್ಡ್ ಫಿಸಿಕ್ಸ್ ಲೆಕ್ಚರರ್ ತೋರಿಸಿಕೊಟ್ಟಿದ್ದು. ಅವ್ರು ಬಂದೋರೇ ಪ್ರೊಜೆಕ್ಟರ್ ಆನ್ ಮಾಡಿ ಅನ್ನಲಿಲ್ಲ, "ಎಲ್ರೂ ಆಚೆ ಬನ್ನಿ" ಅಂದ್ರು. ಅವತ್ತು ಹುಣ್ಣಿಮೆ ಕಳೆದು ಅಷ್ಟಮಿ. ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಪಶ್ಚಿಮದಲ್ಲಿ ತೆಂಗಿನ ಮರದ ಮೇಲೆ ಅರ್ಧ ಚಂದ್ರ ಬೆಳ್ಳಗೆ ಕೂತಿದ್ದ, ಬೆನ್ನ ಹಿಂದೆ ಪೂರ್ವದಲ್ಲಿ ಸೂರ್ಯ. ಎಲ್ಲರ ಕೈಗೂ ಕಡ್ಡಿಗೆ ಚುಚ್ಚಿದ ಒಂದೊಂದು ನಿಂಬೆಹಣ್ಣು ಕೊಟ್ರು. ಚಂದ್ರನ ಪಕ್ಕಕ್ಕೆ ಬರೋ ಹಾಗೆ ಕೈ ಚಾಚಿ ಹಿಡೀರಿ ಅಂದ್ರು. ಹಿಡಿದ್ರೆ ನಿಂಬೆಹಣ್ಣಿನ ಮೇಲೆ ಬಿಸಿಲು ಬಿದ್ದಿರೋ ಭಾಗ ಯಾವ ಆಕಾರನೋ ಚಂದ್ರಂದೂ ಅದೇ ಆಕಾರ, ಅದೇ ಓರೆ, ಅದೇ ಅರ್ಧ. ಇಷ್ಟೇ. ಯಾರೂ ಏನೂ ವಿವರಿಸ್ಬೇಕಾಗಿರ್ಲಿಲ್ಲ. ಇಷ್ಟು ವರ್ಷ ಸರ್ವಿಸ್ ಆದ ಟೀಚರ್ಸು ನಾವು, "ಭೂಮಿ ನೆರಳು ಬಿದ್ದು ಚಂದ್ರ ಚಿಕ್ಕದಾಗ್ತಾನೆ" ಅಂತ ಒಳಗೊಳಗೇ ನಂಬ್ಕೊಂಡಿದ್ದೋರು ಆ ಗುಂಪಲ್ಲೂ ಇದ್ರು, ಅವ್ರೂ ನಿಂಬೆಹಣ್ಣು ತಿರುಗಿಸಿ ತಿರುಗಿಸಿ ನೋಡ್ತಾ ನಿಂತ್ರು. ನೆರಳು ಬೀಳೋದು ಗ್ರಹಣದ ದಿನ ಮಾತ್ರ, ಅಷ್ಟಮಿ ದಿನ ಭೂಮಿ ಆ ದಾರಿಯಲ್ಲೇ ಇಲ್ಲ, ಅದನ್ನ ಬೋರ್ಡ್ ಮೇಲೆ ಚಿತ್ರ ಬರೆದು ಹೇಳೋಕೆ ಒಂದು ಪೀರಿಯಡ್ ಬೇಕು, ಆದ್ರೂ ಮಗೂಗೆ ಹತ್ತಲ್ಲ.

ಇದ್ರಲ್ಲಿ ಟೀಚರ್ಸ್ ದಡ್ರು ಅಂತ ಅಂದ್ಕೋಬೇಡಿ. 1980ರ ದಶಕದಲ್ಲಿ ಅಮೆರಿಕದ ಹಾರ್ವರ್ಡಲ್ಲಿ ಡಿಗ್ರಿ ಪಡೆಯೋ ದಿನಾನೇ ಅಲ್ಲಿನ ಪದವೀಧರರು, ಪ್ರೊಫೆಸರುಗಳು ಎಲ್ಲಾ ಸೇರಿಸಿ 23 ಜನಕ್ಕೆ ಕ್ಯಾಮೆರಾ ಮುಂದೆ ಬೇಸಿಗೆ ಚಳಿಗಾಲ ಯಾಕಾಗುತ್ತೆ, ಚಂದ್ರನ ಕಲೆ ಯಾಕಾಗುತ್ತೆ ಅನ್ನೋ ಥರದ ಪ್ರಶ್ನೆ ಕೇಳಿದ್ರು, 21 ಜನ ಸರಿಯಾಗಿ ಹೇಳ್ಲಿಲ್ಲ. ತುಂಬಾ ಜನ ಭೂಮಿ ಸೂರ್ಯನ ಹತ್ರ ಹೋದಾಗ ಬೇಸಿಗೆ ಅಂದ್ರು. ಆ ಗೌನ್ ಹಾಕ್ಕೊಂಡವ್ರಿಗೇ ಹಾಗಾದ್ರೆ ನಮ್ಮನ್ನ ಬಿಡಿ. ಡಿಗ್ರಿಯಿಂದ ಹೋಗೋ ತಪ್ಪು ಕಲ್ಪನೆಗಳಲ್ಲ ಇವು, ಕೈಯಲ್ಲಿ ಮಾಡಿ ನೋಡಿದ್ರೇ ಹೋಗೋದು.

ಋತುಗಳ ವಿಷ್ಯಕ್ಕೆ ಬಂದ್ರೆ ನಮ್ದು ಇನ್ನೊಂದು ಥರದ ಗೋಜಲು. ಪುಸ್ತಕದ ಚಿತ್ರದಲ್ಲಿ ಜೂನ್ 21ಕ್ಕೆ ಉತ್ತರಾರ್ಧಗೋಳದಲ್ಲಿ ಬೇಸಿಗೆ ಅಂತ ಇರುತ್ತೆ. ನಮ್ಮ ಮಕ್ಕಳಿಗೆ ಜೂನ್ ಅಂದ್ರೆ ಮಳೆ, ಹೊಸ ಯೂನಿಫಾರಂ, ಕೆಸರು. ಬೇಸಿಗೆ ಅಂದ್ರೆ ಏಪ್ರಿಲ್, ಮೇ, ಮಾವಿನಹಣ್ಣು. ಮಗು ಪುಸ್ತಕ ನಂಬ್ಬೇಕೋ ಮೈ ಬೆವರೋದನ್ನ ನಂಬ್ಬೇಕೋ. ನಾವು ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ ಅಂತ ಬಾಯಿಪಾಠ ಮಾಡಿಸಿ ಮುಂದೆ ಹೋಗ್ತೀವಿ. ಆದ್ರೆ ನಾವಿರೋದು ಕರ್ಕಾಟಕ ವೃತ್ತಕ್ಕಿಂತ ಕೆಳಗೆ, ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿ ಮೇಲೆ ಬರ್ತಾನೆ, ಬೆಂಗಳೂರಲ್ಲಿ ಏಪ್ರಿಲ್ 24-25ರ ಹೊತ್ತಿಗೆ ಒಂದು ಸಲ, ಆಗಸ್ಟ್ 18ಕ್ಕೆ ಇನ್ನೊಂದು ಸಲ. ಜೂನ್ 21ಕ್ಕೆ ಅವನು ನಮ್ಮ ನೆತ್ತಿ ದಾಟಿ ಇನ್ನೂ 10 ಡಿಗ್ರಿ ಉತ್ತರಕ್ಕೆ ಹೋಗಿರ್ತಾನೆ, ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತೆ! ಏಪ್ರಿಲಲ್ಲಿ ನೆತ್ತಿ ಸೂರ್ಯ, ಮೋಡ ಇಲ್ಲ, ಅದಕ್ಕೇ ಆ ಬಿಸಿ. ಎರಡನೇ ಸಲ ನೆತ್ತಿಗೆ ಬರೋ ಹೊತ್ತಿಗೆ ಮುಂಗಾರು ಮೋಡ ಅಡ್ಡ. ಹಗಲಿನ ಉದ್ದನೂ ಹಾಗೇ, ಬೆಂಗಳೂರಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಬರೀ ಒಂದೂವರೆ ಗಂಟೆ ವ್ಯತ್ಯಾಸ, ಜರ್ಮನಿ ಕಡೆ ಅದೇ 8 ಗಂಟೆ ಆಗುತ್ತೆ. ಪುಸ್ತಕದ ಚಿತ್ರ ಅವ್ರಿಗೆ ಸರಿಯಾಗಿ ಹೊಂದುತ್ತೆ, ನಮಗೆ ಇನ್ನೆರಡು ಮಾತು ಸೇರಿಸ್ಬೇಕು. ಇನ್ನು ಹತ್ರ-ದೂರದ ಕಥೆ ಕೇಳಿದ್ರೆ, ಭೂಮಿ ಸೂರ್ಯಂಗೆ ಅತಿ ಹತ್ರ ಇರೋದು ಜನವರಿ ಮೊದಲ ವಾರ, ಸುಮಾರು 14.7 ಕೋಟಿ ಕಿ.ಮೀ., ದೂರ ಇರೋದು ಜುಲೈ ಮೊದಲ ವಾರ, 15.2 ಕೋಟಿ. ಸಂಕ್ರಾಂತಿ ಚಳಿಯಲ್ಲಿ ನಡುಗ್ತಾ ಇರುವಾಗ ಸೂರ್ಯ ನಮಗೆ ಜಾಸ್ತಿ ಹತ್ರ. ಈ ಒಂದು ಸಂಖ್ಯೆ ಕೊಟ್ರೆ 9ನೇ ಕ್ಲಾಸಿನ ಹುಡುಗ್ರು ತಾವೇ ಜಗಳ ಆಡ್ಕೊಂಡು ಸರಿಯಾದ ಉತ್ತರಕ್ಕೆ ಬರ್ತಾರೆ, ಬಂದಿದ್ದಾರೆ.

ಹೀಗೆ ಸೂರ್ಯ ನೆತ್ತಿ ಮೇಲೆ ಬಂದು ಕಂಬದ ನೆರಳು ಬುಡದಲ್ಲೇ ಅಡಗೋ ಶೂನ್ಯ ನೆರಳಿನ ದಿನದ ಬಗ್ಗೆ ಈಗ ಪೇಪರಲ್ಲೆಲ್ಲಾ ಬರುತ್ತೆ, ಅಸ್ಟ್ರೋನಾಮಿಕಲ್ ಸೊಸೈಟಿ ಆಫ್ ಇಂಡಿಯಾದ ಔಟ್‌ರೀಚ್ ಕಮಿಟಿಯವ್ರು ಅದನ್ನ ಚೆನ್ನಾಗಿ ಪ್ರಚಾರ ಮಾಡಿದ್ದಾರೆ. ನಮ್ಮ ತುಮಕೂರಿಗೆ ಏಪ್ರಿಲ್ 25-26, ಹುಬ್ಬಳ್ಳಿಗೆ ಮೇ 2ರ ಸುಮಾರು, ಬೀದರಿಗೆ ಮೇ 11-12, ಹೀಗೆ ಉತ್ತರಕ್ಕೆ ಹೋದಂಗೆ ತಾರೀಖು ಮುಂದಕ್ಕೆ ಹೋಗುತ್ತೆ. ಆದ್ರೆ ಗಮನಿಸಿ, ಇವೆಲ್ಲಾ ಬೇಸಿಗೆ ರಜೆಯಲ್ಲಿ! ಆಗಸ್ಟಿಂದು ಸ್ಕೂಲಿದ್ದಾಗ ಬರುತ್ತೆ, ಮೋಡ ಇರುತ್ತೆ. ಹಾಗಾಗಿ ಟ್ರೈನಿಂಗಲ್ಲಿ ಆ ಒಂದು ದಿನದ ಮ್ಯಾಜಿಕ್ ತೋರಿಸೋದಕ್ಕಿಂತ ವರ್ಷ ಪೂರ್ತಿ ಒಂದೇ ಕಂಬದ ಮಧ್ಯಾಹ್ನದ ನೆರಳು ಅಳೆಯೋದು ಕಲಿಸಿದ್ರೆ ಒಳ್ಳೇದು ಅಂತ ನನಗನ್ಸುತ್ತೆ, ಧ್ವಜದ ಕಂಬ ಎಲ್ಲಾ ಸ್ಕೂಲಲ್ಲೂ ಇದೆ. ಅದನ್ನ ಅಳೆಯೋಕೆ ಹೋದಾಗ ಮೊದ್ಲು ಸಿಗೋ ಆಶ್ಚರ್ಯ, 12 ಗಂಟೆಗೆ ಮಧ್ಯಾಹ್ನ ಆಗಲ್ಲ, ನೆರಳು ಅತಿ ಗಿಡ್ಡ ಆಗೋದು ಆಮೇಲೆ. ನಮ್ಮ ಗಡಿಯಾರ ಓಡೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ತುಮಕೂರಿರೋದು 77ರಲ್ಲಿ, ಒಂದು ಡಿಗ್ರಿಗೆ 4 ನಿಮಿಷ ಅಂದ್ರೆ ನಮಗೆ ಸೂರ್ಯ 20 ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ತಡ. ಅದೂ ವರ್ಷ ಪೂರ್ತಿ ಒಂದೇ ಥರ ಇರಲ್ಲ, ನವೆಂಬರ್ ಮೊದಲ ವಾರ 12 ಗಂಟೆ 5 ನಿಮಿಷದ ಹತ್ರ, ಫೆಬ್ರವರಿಯಲ್ಲಿ 12 ಗಂಟೆ 36ರ ಹತ್ರ. ಸಮಾಜ ವಿಜ್ಞಾನದ ಸರ್ ಹೇಳೋ ರೇಖಾಂಶದ ಲೆಕ್ಕ ನಮ್ಮ ಸ್ಕೂಲ್ ಅಂಗಳದಲ್ಲೇ ಇದೆ ಅಂತ ಅವ್ರಿಗೂ ನನಗೂ ಗೊತ್ತಾಗಿದ್ದು ಆ ಕಂಬದ ಬುಡದಲ್ಲಿ.

ಈಗ ನನಗೆ ಇಷ್ಟದ ವಿಷ್ಯ. ನಮ್ಮ ಮಕ್ಕಳಿಗೆ ಖಗೋಳ ಗೊತ್ತಿಲ್ಲ ಅಂತ ಟ್ರೈನಿಂಗ್ ಶುರು ಮಾಡ್ತಾರಲ್ಲ, ಅದೇ ನನಗೆ ಒಪ್ಪಿಗೆ ಆಗಲ್ಲ. ಗೋಡೆ ಮೇಲೆ ನೇತಾಡೋ ಕ್ಯಾಲೆಂಡರಲ್ಲಿ ಸಂಕಷ್ಟಿ ದಿನ ಚಂದ್ರೋದಯದ ಟೈಮ್ ಹಾಕಿರ್ತಾರೆ, ರಾತ್ರಿ ಒಂಬತ್ತು ಒಂಬತ್ತೂಕಾಲು ಹಾಗೆ. ಅಮ್ಮ ಬೆಳಿಗ್ಗೆಯಿಂದ ಉಪವಾಸ ಇದ್ದು ಚಂದ್ರ ನೋಡಿ ಊಟ ಮಾಡೋದನ್ನ ಮಕ್ಕಳು ನೋಡಿರ್ತಾರೆ. ಯಾಕೆ ಅಷ್ಟು ಹೊತ್ತು ಕಾಯ್ಬೇಕು ಅಂತ ಕೇಳಿ ನೋಡಿ. ಹುಣ್ಣಿಮೆ ದಿನ ಸೂರ್ಯ ಮುಳುಗೋ ಹೊತ್ತಿಗೆ ಚಂದ್ರ ಹುಟ್ತಾನೆ, ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡ, ಚೌತಿ ಹೊತ್ತಿಗೆ ಒಂಬತ್ತರ ಆಸುಪಾಸು. ಕೂಡಿ ಕಳೆದು ಮಕ್ಕಳೇ ಹೇಳ್ತಾರೆ. ಅದೇ ಲೆಕ್ಕ ಮುಂದುವರ್ಸಿದ್ರೆ ಅಷ್ಟಮಿಗೆ ಮಧ್ಯರಾತ್ರಿ ಹುಟ್ಟಿ ಮಧ್ಯಾಹ್ನ ಮುಳುಗ್ತಾನೆ, ಅಲ್ಲಿಗೆ ಪ್ರಾರ್ಥನೆ ಹೊತ್ತಲ್ಲಿ ಕಂಡ ಚಂದ್ರಂಗೂ ಉತ್ತರ ಸಿಕ್ತು.

ಮಳೆ ನಕ್ಷತ್ರ ಇನ್ನೂ ಚೆನ್ನಾಗಿದೆ. ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲಾ ಜೋಳ ಅಂತಾರಲ್ಲ. ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ, ರೈತರ ಮನೆ ಮಕ್ಕಳಿಗೆ ಇದು ಬಾಯಿಗೇ ಬರುತ್ತೆ. ಜೂನ್ 7-8ಕ್ಕೆ ಮೃಗಶಿರ ಮಳೆ ಹುಟ್ಟಿತು ಅಂತೀವಿ, ಸರಿ, ಆವತ್ತು ರಾತ್ರಿ ಮೃಗಶಿರ ನಕ್ಷತ್ರ ತೋರ್ಸಿ ಅಂದ್ರೆ? ತೋರ್ಸೋಕೆ ಆಗಲ್ಲ. ಯಾಕಂದ್ರೆ ಮೃಗಶಿರ ಮಳೆ ಅಂದ್ರೆ ಸೂರ್ಯ ಆ ನಕ್ಷತ್ರದ ದಿಕ್ಕಲ್ಲಿದ್ದಾನೆ ಅಂತ ಅರ್ಥ, ಅದು ಹಗಲಲ್ಲೇ ಅವನ ಜೊತೆ ಹುಟ್ಟಿ ಅವನ ಜೊತೆನೇ ಮುಳುಗುತ್ತೆ. ಅದನ್ನ ನೋಡ್ಬೇಕಂದ್ರೆ ಆರು ತಿಂಗಳು ಕಾಯ್ಬೇಕು, ಡಿಸೆಂಬರಲ್ಲಿ ರಾತ್ರಿ ಊಟದ ಹೊತ್ತಿಗೆ ಪೂರ್ವದಲ್ಲಿ ಮೂರು ನಕ್ಷತ್ರದ ಸಾಲಿನ ಎಡಗಡೆ, ಅಂದ್ರೆ ಉತ್ತರಕ್ಕೆ ಇರುತ್ತೆ. ಭೂಮಿ ಸೂರ್ಯನ ಸುತ್ತ ಸುತ್ತುತ್ತೆ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಯಾವ ಪುಸ್ತಕದಲ್ಲಿದೆ ಹೇಳಿ. 27 ನಕ್ಷತ್ರ, 365 ದಿನ, ಒಂದೊಂದು ಮಳೆಗೆ ಹದಿಮೂರೂವರೆ ದಿನ. ಮಕ್ಕಳ ಅಜ್ಜ ಈ ಲೆಕ್ಕದ ಮೇಲೆ ಬಿತ್ತನೆ ಮಾಡಿರ್ತಾರೆ, ಅದೇ ಮಗೂಗೆ ನಾವು ಅದೇ ನಕ್ಷತ್ರಗಳನ್ನ ತೋರಿಸಿ ಓರಿಯನ್ ಅನ್ನೋ ಬೇಟೆಗಾರ ಇದ್ದ ಅಂತ ಕಥೆ ಹೇಳ್ತೀವಿ.

ಗ್ರಹಣ ಬಂತು ಅಂದ್ರೆ ಟೀಚರ್ ಕಥೆ ಮುಗೀತು. 2019ರ ಡಿಸೆಂಬರ್ 26ಕ್ಕೆ ಮಂಗಳೂರು, ಕೊಡಗು ಕಡೆ ಕಂಕಣ ಗ್ರಹಣ ಕಾಣಿಸ್ತು, ನಮ್ಮ ಕಡೆ ಪಾರ್ಶ್ವ. ಅಷ್ಟು ಚೆನ್ನಾಗಿ ಕಾಣೋ ಗ್ರಹಣ, ಬೀದಿಗಳೆಲ್ಲಾ ಖಾಲಿ. "ಮಿಸ್, ಗ್ರಹಣದಲ್ಲಿ ಊಟ ಮಾಡ್ಬಹುದಾ, ನೀವು ಮಾಡ್ತೀರಾ?" ಅಂತ ಮಕ್ಕಳು ನೇರವಾಗಿ ಕೇಳ್ತಾರೆ, ಯಾವ ಟ್ರೈನಿಂಗೂ ಈ ಪ್ರಶ್ನೆ ಹತ್ರ ಸುಳಿಯಲ್ಲ, ಎಲ್ರಿಗೂ ಭಯ, ಪೋಷಕರು ಬಂದು ಜಗಳ ಮಾಡಿದ್ರೆ ಅಂತ. ನನ್ನ ಅನುಭವದಲ್ಲಿ ಗೇಲಿ ಮಾಡಿದ್ರೆ ಕೆಲಸ ಕೆಡುತ್ತೆ, ಮಗು ಮನೆ ಪರ ನಿಂತ್ಕೊಂಡ್ಬಿಡುತ್ತೆ. ಬದಲಿಗೆ ರಾಹು ಕೇತು ಇಂದ ಶುರು ಮಾಡ್ಬಹುದು. ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆ, ಎರಡೂ ದಾರಿ ಕೂಡೋ ಎರಡು ಜಾಗ ಇದೆಯಲ್ಲ, ಅವೇ ರಾಹು ಕೇತು. ಹಳೇ ಲೆಕ್ಕದವ್ರಿಗೆ ಅವು ಬಿಂದುಗಳು, ಹಾವಲ್ಲ. ಅಮಾವಾಸ್ಯೆ ಹುಣ್ಣಿಮೆ ಆ ಬಿಂದುಗಳ ಹತ್ರ ಬಂದಾಗ ಮಾತ್ರ ಗ್ರಹಣ, ಅದಕ್ಕೇ ಪ್ರತಿ ತಿಂಗಳೂ ಆಗಲ್ಲ. ಆ ಬಿಂದುಗಳು ನಿಂತಲ್ಲಿ ನಿಲ್ಲಲ್ಲ, ಹಿಂದಕ್ಕೆ ಜರುಗ್ತಾ 18.6 ವರ್ಷಕ್ಕೆ ಒಂದು ಸುತ್ತು ಬರ್ತವೆ, ರಾಹು ಒಂದು ರಾಶಿಯಲ್ಲಿ ಒಂದೂವರೆ ವರ್ಷ ಇರ್ತಾನೆ ಅಂತ ಟಿವಿಯಲ್ಲಿ ಹೇಳೋದೂ ಇದೇ ಚಲನೆಯಿಂದ ಬಂದಿದ್ದು. ಪಂಚಾಂಗದವ್ರ ಗ್ರಹಣದ ಟೈಮು ಸರಿಯಾಗಿರುತ್ತೆ ಯಾಕಂದ್ರೆ ಅದು ಗಣಿತ, ಊಟ ಬಿಡ್ಬೇಕು ಅನ್ನೋದು ಆ ಗಣಿತದಿಂದ ಹೊರಡಲ್ಲ. ಇಷ್ಟು ಹೇಳಿ ನಾನು ನಿಲ್ಲಿಸ್ತೀನಿ, ಮತ್ತೆ ಊಟ ಮಾಡ್ತೀನಿ ಅಂತನೂ ಹೇಳ್ತೀನಿ. ಬರಿಗಣ್ಣಲ್ಲಿ ಸೂರ್ಯನ್ನ ನೋಡ್ಬಾರ್ದು ಅನ್ನೋದು ಗ್ರಹಣಕ್ಕಷ್ಟೇ ಅಲ್ಲ ಎಲ್ಲಾ ದಿನಕ್ಕೂ, ಎಕ್ಸ್‌ರೇ ಫಿಲಂ, ಮಸಿ ಹಿಡಿದ ಗಾಜು ಯಾವ್ದೂ ಬೇಡ, ಇದನ್ನ ಮಾತ್ರ ಜೋರಾಗಿ ಹೇಳ್ಬೇಕು.

ಸಂಕ್ರಾಂತಿಗೆ ಉತ್ತರಾಯಣ ಶುರು ಅಂತಾರೆ, ಪುಸ್ತಕದಲ್ಲಿ ಡಿಸೆಂಬರ್ 22 ಅಂತಿದೆ, ಯಾವ್ದು ಸರಿ ಅಂತಾನೂ ಕೇಳ್ತಾರೆ. ಸಂಕ್ರಾಂತಿ ನಕ್ಷತ್ರಗಳ ಲೆಕ್ಕದಲ್ಲಿ ಬರೋದು, ಆದ್ರೆ ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಓಲಾಡುತ್ತೆ, 72 ವರ್ಷಕ್ಕೆ ಒಂದು ಡಿಗ್ರಿ, ಸುಮಾರು 1,700 ವರ್ಷದ ಹಿಂದೆ ಎರಡೂ ಒಂದೇ ದಿನ ಬರ್ತಿತ್ತು, ಈಗ 24 ದಿನ ದೂರ ಆಗಿದೆ. ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರಲ್ಲೇ, ಧ್ವಜದ ಕಂಬನೇ ಹೇಳುತ್ತೆ.

ಸಾಮಾನಿನ ವಿಷ್ಯ ಚಿಕ್ಕದಾಗಿ ಹೇಳ್ತೀನಿ. ಟೆಲಿಸ್ಕೋಪ್ ಇಲ್ಲ ಅಂತ ಅಳೋರು ಒಂದು ಕಡೆ, ಇದ್ದು ಲ್ಯಾಬ್ ಬೀರು ಬೀಗದೊಳಗೆ ಇಟ್ಟಿರೋರು ಇನ್ನೊಂದು ಕಡೆ, ಸ್ಟಾಕ್ ಬುಕ್ಕಲ್ಲಿ ಎಂಟ್ರಿ ಆಗಿದೆ, ಮುರಿದ್ರೆ ಯಾರು ಜವಾಬ್ದಾರಿ ಅಂತ. ಟೆಲಿಸ್ಕೋಪ್ ಜೋಡಿಸೋಕೆ ಕಲಿಸದೆ ಟೆಲಿಸ್ಕೋಪ್ ಕೊಟ್ರೆ ಹಿಂಗೇ ಆಗೋದು. ಅದಕ್ಕಿಂತ ಚಿಕ್ಕ ಕನ್ನಡಿ ತಗೊಂಡು, ಅರ್ಧ ಸೆಂಟಿಮೀಟರ್ ತೂತಿರೋ ಕಾಗದ ಅಂಟಿಸಿ, ಬಿಸಿಲನ್ನ ಕತ್ತಲೆ ಕೋಣೆ ಗೋಡೆಗೆ ಹೊಡೀರಿ, 10 ಮೀಟರ್ ದೂರದಲ್ಲಿ 9 ಸೆಂಟಿಮೀಟರ್‌ಗಿಂತ ಸ್ವಲ್ಪ ದೊಡ್ಡ ಸೂರ್ಯ ಮೂಡ್ತಾನೆ. ದೂರನ ಅಗಲದಿಂದ ಭಾಗಿಸಿದ್ರೆ 107ರ ಹತ್ರ ಬರುತ್ತೆ, ನಿಜವಾದ ಸೂರ್ಯನ ದೂರ 15 ಕೋಟಿ, ಅಗಲ 14 ಲಕ್ಷ, ಅದನ್ನೂ ಭಾಗಿಸಿ ನೋಡಿ. ಸೌರವ್ಯೂಹದ ಅಳತೆಗೆ ನಾನು 14 ಸೆಂಟಿಮೀಟರಿನ ತೆಂಗಿನಕಾಯಿ ಸೂರ್ಯ ಮಾಡ್ತೀನಿ, ಭೂಮಿ ಒಂದು ರಾಗಿ ಕಾಳು, 15 ಮೀಟರ್ ದೂರ, ನೆಪ್ಚೂನ್ 450 ಮೀಟರ್ ಅಂದ್ರೆ ನಮ್ಮ ಸ್ಕೂಲಿಂದ ಬಸ್‌ಸ್ಟ್ಯಾಂಡು. ಪಕ್ಕದ ನಕ್ಷತ್ರ 4,000 ಕಿ.ಮೀ., ದುಬೈ ದಾಟಿ ಹೋಗ್ಬೇಕು. ಬರೋ ಆರ್‌ಪಿಗಳೆಲ್ಲಾ ತರೋ ಆ ಪ್ಲಾಸ್ಟಿಕ್ ಮಾಡೆಲಲ್ಲಿ ಗ್ರಹಗಳು ಒಂದಕ್ಕೊಂದು ಅಂಟ್ಕೊಂಡು ಕೂತಿರುತ್ತೆ, ಅದು ಕಲಿಸೋದಕ್ಕಿಂತ ಕೆಡಿಸೋದೇ ಜಾಸ್ತಿ.

ಕಲಿಯೋಕೆ ಜಾಗಗಳು ಇಲ್ಲ ಅಂತಲ್ಲ. ಬೆಂಗಳೂರಿನ ನೆಹರು ತಾರಾಲಯ 1989ರಿಂದ ಇದೆ, ಮಂಗಳೂರಿನ ಪಿಲಿಕುಳದಲ್ಲಿ ತಾರಾಲಯ ಇದೆ, ಗೌರಿಬಿದನೂರಲ್ಲಿ ರೇಡಿಯೋ ಟೆಲಿಸ್ಕೋಪ್ ಇದೆ, ಲಡಾಖಿನ ಹಾನ್ಲೆಯಲ್ಲಿರೋ 2 ಮೀಟರ್ ಟೆಲಿಸ್ಕೋಪನ್ನ ಹೊಸಕೋಟೆಯಲ್ಲಿ ಕೂತು ನಡೆಸ್ತಾರೆ ಅಂತ ಹೇಳಿದ್ರೆ ನಮ್ಮ ಮಕ್ಕಳು ನಂಬಲ್ಲ. ಹೊರಗಡೆ ನೋಡಿದ್ರೆ ಇಂಟರ್‌ನ್ಯಾಷನಲ್ ಅಸ್ಟ್ರೋನಾಮಿಕಲ್ ಯೂನಿಯನ್ನಿನವ್ರು ಶಾಲಾ ಖಗೋಳ ಶಿಕ್ಷಣಕ್ಕೆ ಅಂತಲೇ ಜರ್ಮನಿಯ ಹೈಡೆಲ್‌ಬರ್ಗಲ್ಲಿ ಒಂದು ಆಫೀಸು ಮಾಡಿದ್ದಾರೆ, ಅದರ ಭಾರತದ ಕೇಂದ್ರ ಪುಣೆಯ ಐಯುಕಾ ಅನ್ನೋ ಖಗೋಳ ಸಂಶೋಧನಾ ಸಂಸ್ಥೆಯಲ್ಲಿದೆ. ನೇಸ್ ಅನ್ನೋ ಅವರದೇ ಇನ್ನೊಂದು ತಂಡ ಟೀಚರ್ಸ್‌ಗೆ ಕಡಿಮೆ ಖರ್ಚಿನ ಮಾದರಿಗಳನ್ನ ಕೈಯಲ್ಲೇ ಮಾಡಿಸುತ್ತೆ. ಅವ್ರಲ್ಲೊಂದು ಚಟುವಟಿಕೆ ನನಗೆ ಪಂಚಪ್ರಾಣ, ಗ್ಲೋಬನ್ನ ಸ್ಟ್ಯಾಂಡಿಂದ ತೆಗೆದು ಒಂದು ಬಟ್ಟಲ ಮೇಲೆ ಬಿಸಿಲಲ್ಲಿ ಇಟ್ಟು, ನಮ್ಮೂರು ಮೇಲ್ಗಡೆ ಬರೋ ಹಾಗೆ, ಉತ್ತರ ಧ್ರುವ ಉತ್ತರಕ್ಕೆ ಇರೋ ಹಾಗೆ ತಿರುಗಿಸೋದು. ಅಷ್ಟೇ, ಆ ಕ್ಷಣದಲ್ಲಿ ನಿಜವಾದ ಭೂಮಿ ಮೇಲೆ ಎಲ್ಲಿ ಹಗಲು, ಎಲ್ಲಿ ರಾತ್ರಿ ಅನ್ನೋದು ಆ ಗ್ಲೋಬ್ ಮೇಲೆ ಹಾಗೇ ಕಾಣುತ್ತೆ, ಅಮೆರಿಕದಲ್ಲಿರೋ ಅಣ್ಣಂಗೆ ಈಗ ಫೋನ್ ಮಾಡ್ಬಹುದಾ ಅಂತ ಮಕ್ಕಳು ನೋಡಿ ಹೇಳ್ತಾರೆ. ಆದ್ರೆ ಇವೆಲ್ಲಾ ಹೆಚ್ಚಾಗಿ ಇಂಗ್ಲಿಷಲ್ಲಿವೆ, ಕನ್ನಡ ಮೀಡಿಯಂ ಟೀಚರ್ ಒಬ್ಬಳೇ ಕೂತು ಹುಡುಕಿ ತೆಗೀಬೇಕಂದ್ರೆ ಆಗೋ ಮಾತಲ್ಲ. ಟ್ರೈನಿಂಗ್ ಮಾಡೋರು ಆ ಕೆಲಸ ಮಾಡ್ಲಿ.

ನನ್ನ ಕೇಳಿದ್ರೆ ಮೂರು ದಿನ ಒಟ್ಟಿಗೆ ಕೂರಿಸೋ ಬದಲು ಅದೇ ಗಂಟೆಗಳನ್ನ ಒಡೆದು ತಿಂಗಳಿಗೊಂದು ಅರ್ಧ ದಿನ ಮಾಡ್ಲಿ, ತಾಲೂಕಿನ ವಿಜ್ಞಾನದವ್ರೂ ಸಮಾಜದವ್ರೂ ಸೇರ್ಲಿ, ಅಷ್ಟಮಿ ನೋಡ್ಕೊಂಡು ತಾರೀಖು ಇಡ್ಲಿ, ಭಾನುವಾರ ಬೇಡ, ಓಓಡಿ (ಡ್ಯೂಟಿ ಮೇಲೆ ಹೊರಗೆ ಹೋಗಿದ್ದಾರೆ ಅಂತ ಹಾಜರಿ) ಕೊಡ್ಲಿ. ಹಿಂದಿನ ತಿಂಗಳು ಹೇಳ್ಕೊಟ್ಟಿದ್ದನ್ನ ಕ್ಲಾಸಲ್ಲಿ ಮಾಡಿದಾಗ ಏನಾಯ್ತು, ಮಕ್ಕಳು ಏನು ಕೇಳಿದ್ರು, ಎಲ್ಲಿ ಸಿಕ್ಕಾಕ್ಕೊಂಡ್ವಿ ಅಂತ ಮೊದಲ ಅರ್ಧ ಗಂಟೆ ಅದೇ ಮಾತಾಡ್ಲಿ. ಆರ್‌ಪಿ ಎಲ್ಲಾ ತಿಳಿದವ್ರು ಆಗ್ಬೇಕಿಲ್ಲ, ನಮ್ಮಲ್ಲೇ ಒಬ್ರು ಕಂಬದ ನೆರಳು ವರ್ಷ ಪೂರ್ತಿ ಅಳೆದವ್ರು ಇದ್ರೆ ಸಾಕು. ಚಳಿಗಾಲದಲ್ಲಿ ಒಂದು ರಾತ್ರಿ ಹತ್ತಿರದ ವಸತಿ ಶಾಲೆಯಲ್ಲಿ, ಹೆಂಗಸ್ರಿಗೆ ಉಳ್ಕೊಳ್ಳೋ ವ್ಯವಸ್ಥೆ ಮಾಡಿ, ಗುರು ಗ್ರಹದ ನಾಲ್ಕು ಚಂದ್ರ ಬೈನಾಕ್ಯುಲರಲ್ಲಿ ತೋರಿಸ್ಲಿ, 1610ರಲ್ಲಿ ಗೆಲಿಲಿಯೋ ನೋಡಿದ್ದು ಅದೇ ನಾಲ್ಕು. ಇದನ್ನೆಲ್ಲಾ ಬರೆದು ಮೇಲಿನವ್ರಿಗೆ ಕೊಟ್ಟೂ ಇದ್ದೀನಿ, "ನೋಡೋಣ ಮೇಡಂ" ಅಂದಿದ್ದಾರೆ, ಅದರ ಅರ್ಥ ಸರ್ವಿಸಲ್ಲಿರೋರಿಗೆ ಗೊತ್ತು.

ಅಲ್ಲಿವರೆಗೂ ಕಾಯೋ ಬದಲು ನಮ್ಮ ನಮ್ಮಲ್ಲೇ ಒಂದು ಶುರು ಮಾಡೋಣ ಅಂತ. ಬೀದರ್ ಕಡೆ ಹೈಸ್ಕೂಲ್ ಟೀಚರ್ ಯಾರಾದ್ರೂ ಇದನ್ನ ಓದ್ತಾ ಇದ್ರೆ ಕಾಮೆಂಟಲ್ಲಿ ಹೇಳಿ. ಡಿಸೆಂಬರ್ 22ರ ಆಸುಪಾಸಲ್ಲಿ ಒಂದೇ ದಿನ ಇಬ್ರೂ 1 ಮೀಟರ್ ಕೋಲು ನೆಟ್ಟು ಮಧ್ಯಾಹ್ನದ ಅತಿ ಗಿಡ್ಡ ನೆರಳು ಅಳೆಯೋಣ, ನಮ್ಮಲ್ಲಿ 75 ಸೆಂಟಿಮೀಟರ್ ಹತ್ರ ಬರ್ಬೇಕು, ನಿಮ್ಮಲ್ಲಿ 88. ಎರಡರಿಂದ ಕೋನ ತೆಗೆದ್ರೆ ನಾಲ್ಕೂವರೆ ಡಿಗ್ರಿಗಿಂತ ಚೂರು ಜಾಸ್ತಿ ವ್ಯತ್ಯಾಸ, ನಮ್ಮಿಬ್ರ ಮಧ್ಯೆ ಉತ್ತರ-ದಕ್ಷಿಣ ದೂರ ಸುಮಾರು 508 ಕಿ.ಮೀ., ಹಳೇ ಕಾಲದ ಗ್ರೀಕ್ ವಿದ್ವಾಂಸ ಎರಟೋಸ್ತೆನೀಸ್ ಮಾಡಿದ ಹಾಗೆ 360ಕ್ಕೆ ಏರಿಸಿದ್ರೆ ಭೂಮಿಯ ಸುತ್ತಳತೆ, 40,000ದ ಹತ್ರ. ನೆರಳಲ್ಲಿ 1 ಸೆಂಟಿಮೀಟರ್ ತಪ್ಪಿದ್ರೂ ಉತ್ತರ 3,000 ಕಿ.ಮೀ. ಆಚೆ ಈಚೆ ಆಗುತ್ತೆ, ಅದಕ್ಕೇ ಕೋಲಿಗೆ ತೂಕದ ದಾರ ಬಿಟ್ಟು ನೆಟ್ಟಗೆ ಇದೆಯಾ ನೋಡಿ, ನೆಲ ಸಮ ಇರ್ಲಿ, 12 ಗಂಟೆ 5ರಿಂದ 12 ಗಂಟೆ 35ರವರೆಗೆ ಐದೈದು ನಿಮಿಷಕ್ಕೆ ಗುರುತು ಹಾಕಿ. ಟ್ಯಾನ್ ಟೇಬಲ್ ಬೇಕಾದ್ರೆ ಪಿಸಿಎಂನವ್ರನ್ನ ಹಿಡ್ಕೊಳ್ಳಿ.